ತಿರುಗುವ ಎಕ್ಸ್‌ರೇ ಟ್ಯೂಬಿನೊಳಗೆ ಕದಲದ ಕ್ಯಾಥೋಡ್: ಮೊದಲು ಮೇಜಿನ ಮೇಲೆ ಮಾಡಿ ನೋಡಿ, ಆಮೇಲೆ ಲೆಕ್ಕ ಹಾಕಿ

ಎಕ್ಸ್‌ರೇ ತೆಗೆಸಲು ಹೋದಾಗ "ಉಸಿರು ಬಿಗಿ ಹಿಡೀರಿ" ಅಂದ ಮೇಲೆ ಗುಂಯ್ ಅಂತ ಒಂದು ಸದ್ದು ಬರುತ್ತದೆ, ಆಮೇಲೆ ಟಕ್ ಅಂತ ಇನ್ನೊಂದು. ಕೇಳಿದ್ದೀರಿ ಅಲ್ವಾ? ಆ ಗುಂಯ್ ಅನ್ನುವುದು ಟ್ಯೂಬಿನೊಳಗಿನ ಆನೋಡ್ ತಟ್ಟೆ ವೇಗ ಹಿಡಿಯುವ ಸದ್ದು. ಟೆಕ್ನಿಷಿಯನ್ ಸ್ವಿಚ್ಚನ್ನು ಅರ್ಧ ಒತ್ತಿದಾಗ ತಟ್ಟೆ ತಿರುಗಲು ಶುರುವಾಗುತ್ತದೆ, ಪೂರ್ತಿ ಒತ್ತಿದರೆ ಮಾತ್ರ ಕಿರಣ.

ತಿರುಗಿಸುವುದು ಬಿಸಿಗೆ ಹೆದರಿ. ಫಿಲಮೆಂಟ್ ಅನ್ನುವ ಕಾದ ತಂತಿಯಿಂದ ಹೊರಟು ಆನೋಡಿಗೆ ಬಡಿಯುವ ಎಲೆಕ್ಟ್ರಾನ್‌ಗಳ ಶಕ್ತಿಯಲ್ಲಿ ಎಕ್ಸ್‌ರೇ ಆಗುವುದು ಸುಮಾರು 1 ಭಾಗ, ಉಳಿದ 99 ಭಾಗ ಬರೀ ಬಿಸಿ. ಅದೂ ಒಂದು ಮಿಲಿಮೀಟರ್ ಆಸುಪಾಸಿನ ಚುಕ್ಕೆಯ ಮೇಲೆ. ತಟ್ಟೆಯ ಟಂಗ್‌ಸ್ಟನ್ ಕರಗಲು 3,422 ಡಿಗ್ರಿ ಬೇಕು, ಆದರೂ ಒಂದೇ ಕಡೆ ಬಡಿಯುತ್ತಿದ್ದರೆ ಗುಂಡಿ ಬಿದ್ದು ಬಿಡುತ್ತದೆ. ತಟ್ಟೆ ತಿರುಗಿಸಿದರೆ ಚುಕ್ಕೆ ನಿಂತಲ್ಲೇ ನಿಂತರೂ ಅದರ ಕೆಳಗಿನ ಲೋಹ ಬದಲಾಗುತ್ತಾ ಹೋಗುತ್ತದೆ. ಫಿಲಿಪ್ಸ್ ಕಂಪನಿ 1929ರಲ್ಲೇ ಇಂಥ ಟ್ಯೂಬನ್ನು ಮಾರುಕಟ್ಟೆಗೆ ತಂದಿತ್ತು.

ಆದರೆ ತಿರುಗುವ ತಟ್ಟೆ ಇರುವುದು ನಿರ್ವಾತದಲ್ಲಿ. ಗಾಳಿ ಇಲ್ಲ, ಎಣ್ಣೆ ಇಲ್ಲ. ಬೇರಿಂಗಿಗೆ ಗ್ರೀಸ್ ಹಾಕಿದರೆ ಅದು ಆವಿಯಾಗಿ ನಿರ್ವಾತವನ್ನೇ ಕೆಡಿಸುತ್ತದೆ, ಹಾಗಾಗಿ ಬೆಳ್ಳಿ ಅಥವಾ ಸೀಸದ ತೆಳು ಲೇಪ ಕೊಟ್ಟ ಗುಂಡುಗಳ ಮೇಲೆ ಓಡಿಸುತ್ತಾರೆ. ತಟ್ಟೆಯ ಬಿಸಿ ಹೊರಹೋಗಲು ಇರುವ ದೊಡ್ಡ ದಾರಿ ಕೆಂಪಗೆ ಕಾದು ಹೊಳೆಯುವುದೊಂದೇ. ಸಿಟಿ ಸ್ಕ್ಯಾನಿಗೆ ಇದು ನಿಧಾನ. ರೋಗಿ ಮೇಜಿನ ಮೇಲೆ ಮಲಗಿರುತ್ತಾನೆ, ಟ್ಯೂಬ್ ತಣ್ಣಗಾಗಲಿ ಅಂತ ಎಲ್ಲರೂ ಕಾಯಬೇಕು.

ಇಲ್ಲಿ ಒಂದು ಹುಚ್ಚು ಐಡಿಯಾ ಬಂತು: ತಟ್ಟೆ ಒಂದನ್ನೇ ಯಾಕೆ, ಇಡೀ ಟ್ಯೂಬನ್ನೇ ತಿರುಗಿಸೋಣ. ಆನೋಡ್ ತಟ್ಟೆಯೇ ಟ್ಯೂಬಿನ ಒಂದು ಗೋಡೆ, ಅದರ ಬೆನ್ನಿಗೆ ನೇರವಾಗಿ ತಣ್ಣನೆಯ ಎಣ್ಣೆ. ತಟ್ಟೆಯನ್ನು ಹೊತ್ತ ಬೇರಿಂಗ್ ಹೊರಗೆ ಬಂತು, ಎಷ್ಟು ಬೇಕಾದರೂ ಎಣ್ಣೆ ಕುಡಿಸಬಹುದು.

ಮನೆಯ ಟೇಬಲ್‌ಟಾಪ್ ವೆಟ್ ಗ್ರೈಂಡರನ್ನು ನೆನೆಸಿಕೊಳ್ಳಿ. ಪಾತ್ರೆ ತಿರುಗುತ್ತದೆ, ಕಲ್ಲುಗಳನ್ನು ಹಿಡಿದ ಪಟ್ಟಿ ಮಾತ್ರ ಇದ್ದಲ್ಲೇ ಇರುತ್ತದೆ. ಇಲ್ಲೂ ಅದೇ. ಆನೋಡ್ ಸಮೇತ ಪಾತ್ರೆ ತಿರುಗಬೇಕು, ಫಿಲಮೆಂಟ್ ಇರುವ ಕ್ಯಾಥೋಡ್ ಮಾತ್ರ ರೋಗಿಯ ಕಡೆ ಮುಖ ಮಾಡಿ ನಿಲ್ಲಬೇಕು. ಗ್ರೈಂಡರಿನಲ್ಲಿ ಪಟ್ಟಿಯನ್ನು ಮೇಲಿನಿಂದ ಸ್ಕ್ರೂ ಹಾಕಿ ಬಿಗಿಯುತ್ತೇವೆ. ಟ್ಯೂಬಿಗೆ ಸುತ್ತಲೂ ಸೀಲ್, ಒಳಗೆ ಕಡ್ಡಿಯೂ ಹೋಗುವಂತಿಲ್ಲ. ಹಿಡಿಯುವುದು ಹೇಗೆ? ಹೊರಗಿನಿಂದ ಮ್ಯಾಗ್ನೆಟ್ ಇಟ್ಟು.

ಈ ಬರಹ ಆ ಹಿಡಿತವನ್ನು ವಿನ್ಯಾಸ ಮಾಡುವುದು ಹೇಗೆ ಅನ್ನುವುದರ ಬಗ್ಗೆ. ನಿಜವಾದ ಟ್ಯೂಬನ್ನು ಮನೆಯಲ್ಲಿ ಮುಟ್ಟಬೇಡಿ, ಇದನ್ನು ಒಂದೇ ಸಲ ಹೇಳಿ ಮುಂದೆ ಹೋಗುತ್ತೇನೆ. ಗುಜರಿಯಲ್ಲಿ ಸಿಕ್ಕಿದ ಹಳೇ ಟ್ಯೂಬನ್ನು ಒಡೆದರೆ ಗಾಜು ಸಿಡಿಯಬಹುದು, ಕೆಲವು ಟ್ಯೂಬುಗಳ ಕಿಟಕಿ ಬೆರಿಲಿಯಂ, ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಕರೆಂಟ್ ಕೊಡುವ ಮಾತಂತೂ ಬೇಡವೇ ಬೇಡ. ನಮ್ಮ ದೇಶದಲ್ಲಿ ವೈದ್ಯಕೀಯ ಎಕ್ಸ್‌ರೇ ಯಂತ್ರ ಇಡಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಬೇಕು. ನಾವು ಮಾಡುವುದು ಪ್ಲಾಸ್ಟಿಕ್ ಡಬ್ಬಿಯ ಮಾದರಿ.

ಡಬ್ಬಿಯ ಮಾದರಿ

ಬೇಕಾದ್ದು: 90 ಮಿ.ಮೀ. ಅಗಲದ, ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ (ಗಾಜು ಬೇಡ). 8 ಮಿ.ಮೀ. ದಪ್ಪದ ಉದ್ದ ಬೋಲ್ಟ್, ನಟ್ಟುಗಳು. ಒಂದು 608 ಬೇರಿಂಗ್, ಅಂದರೆ ಸ್ಕೇಟಿಂಗ್ ಚಕ್ರದಲ್ಲಿ ಬರುವುದು. 80 ಮಿ.ಮೀ. ಅಗಲದ ಅಕ್ರಿಲಿಕ್ ಅಥವಾ ಪ್ಲೈವುಡ್ ಬಿಲ್ಲೆ. 110 ಮಿ.ಮೀ. ಪಿವಿಸಿ ಪೈಪಿನ ಒಂದು ತುಂಡು. 10 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ನಿಯೋಡಿಮಿಯಂ ಮ್ಯಾಗ್ನೆಟ್ 12. ವೇಗ ಹೆಚ್ಚು ಕಡಿಮೆ ಮಾಡಬಹುದಾದ ಡ್ರಿಲ್ ಮಷಿನ್. ಬೆಂಗಳೂರಿನವರಾದರೆ ಎಸ್.ಪಿ. ರೋಡಿಗೆ ಒಂದು ಸಲ ಹೋಗಿ ಬಂದರೆ ಮುಗಿಯಿತು.

ಬಿಲ್ಲೆಯ ನಡುವೆ ತೂತು ಕೊರೆದು ಬೇರಿಂಗ್ ಕೂರಿಸಿ. ಬೋಲ್ಟನ್ನು ಮುಚ್ಚಳದ ನಡುವಿನಿಂದ ಒಳಕ್ಕೆ ತೂರಿಸಿ, ಎರಡೂ ಕಡೆ ನಟ್ ಹಾಕಿ ಬಿಗಿ ಮಾಡಿ. ಡಬ್ಬಿಯ ಒಳಗಿನ ತುದಿಗೆ ಬಿಲ್ಲೆಯನ್ನು ಸಿಕ್ಕಿಸಿ. ನಟ್ಟುಗಳು ಬೇರಿಂಗಿನ ಒಳ ಉಂಗುರವನ್ನು ಮಾತ್ರ ಒತ್ತಬೇಕು, ಹೊರ ಉಂಗುರಕ್ಕೆ ತಾಗಿದರೆ ಬಿಲ್ಲೆಯೂ ಡಬ್ಬಿಯ ಜೊತೆ ಹೊರಟು ಬಿಡುತ್ತದೆ. ಬಿಲ್ಲೆಯ ಅಂಚಿಗೆ ಆರು ಮ್ಯಾಗ್ನೆಟ್, 60 ಡಿಗ್ರಿಗೆ ಒಂದು. ಪೈಪ್ ತುಂಡಿನ ಹೊರಮೈಗೆ ಇನ್ನು ಆರು. ಎರಡರಲ್ಲೂ ಒಂದು ಉತ್ತರ, ಪಕ್ಕದ್ದು ದಕ್ಷಿಣ, ಹೀಗೆ ಬದಲಾಗುತ್ತಾ ಬರಬೇಕು.

ನನ್ನ ಮೊದಲ ಮಾದರಿಯಲ್ಲಿ ಒಂದು ಮ್ಯಾಗ್ನೆಟನ್ನು ಉಲ್ಟಾ ಅಂಟಿಸಿದ್ದೆ. ಫೆವಿಕ್ವಿಕ್ ಬೇರೆ. ಬಿಲ್ಲೆ ಯಾವಾಗಲೂ ಒಂದು ಪಕ್ಕಕ್ಕೆ ವಾಲಿ ನಡುಗುತ್ತಿತ್ತು, ಬೇರಿಂಗ್ ಸರಿ ಇಲ್ಲ ಅಂತ ಎರಡು ಬೇರಿಂಗ್ ಬದಲಾಯಿಸಿದೆ, ಬೋಲ್ಟ್ ಬಾಗಿದೆಯೇನೋ ಅಂತ ಬೋಲ್ಟನ್ನೂ ಬದಲಾಯಿಸಿದೆ, ಕೊನೆಗೆ ಒಂದು ಸಂಜೆ ದಿಕ್ಸೂಚಿ ಹಿಡಿದು ಸುತ್ತ ತೋರಿಸಿದಾಗ ತಿಳಿಯಿತು. ಅಂಟಿಸುವ ಮೊದಲೇ ಎಲ್ಲ ಮ್ಯಾಗ್ನೆಟ್‌ಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲಿನ ಮುಖಕ್ಕೆ ಮಾರ್ಕರಿನಿಂದ ಚುಕ್ಕೆ ಇಡಿ.

ಬಿಲ್ಲೆಯ ಮೇಲೆ ಬಿಳಿ ಗೆರೆ ಎಳೆಯಿರಿ. ಡಬ್ಬಿ ಮುಚ್ಚಿ, ಪೈಪ್ ರಿಂಗನ್ನು ಅದರ ಸುತ್ತ ಸ್ಟ್ಯಾಂಡಿಗೆ ಕಟ್ಟಿ, ಬೋಲ್ಟಿನ ಹೊರ ತುದಿಯನ್ನು ಡ್ರಿಲ್ಲಿಗೆ ಹಾಕಿ ನಿಧಾನ ಓಡಿಸಿ. ಕಣ್ಣಿಗೆ ಕನ್ನಡಕ ಇರಲಿ. ಡಬ್ಬಿ ಗಿರಗಿರ ತಿರುಗುತ್ತದೆ, ಒಳಗೆ ಬಿಳಿ ಗೆರೆ ಸುಮ್ನೆ ನಿಂತಿರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ.

ಈಗ ಗೆರೆಯನ್ನು ಹತ್ತಿರದಿಂದ ನೋಡಿ. ಡ್ರಿಲ್ ಆಫ್ ಇದ್ದಾಗ ಇದ್ದ ಜಾಗದಲ್ಲಿ ಅದು ಈಗಿಲ್ಲ, ತಿರುಗುವ ದಿಕ್ಕಿಗೆ ಒಂಚೂರು ಸರಿದಿದೆ. ಬೇರಿಂಗ್ ಎಳೆಯುತ್ತಿದೆ, ಮ್ಯಾಗ್ನೆಟ್ ತಡೆಯುತ್ತಿದೆ, ಎರಡೂ ಸಮವಾದ ಕಡೆ ಬಿಲ್ಲೆ ನಿಂತಿದೆ. ಸರಿಯದೆ ತಡೆಯುವ ಶಕ್ತಿ ಮ್ಯಾಗ್ನೆಟ್ಟಿಗೆ ಇಲ್ಲ. ಅದನ್ನು ಬೋಲ್ಟ್ ಅಂದುಕೊಂಡು ವಿನ್ಯಾಸ ಮಾಡಿದವರೆಲ್ಲ ಎಡವುವುದು ಇಲ್ಲೇ. ಅದು ಸ್ಪ್ರಿಂಗ್. ಸ್ಪ್ರಿಂಗಿಗೆ ಬೇಕಾದ ಲೆಕ್ಕವನ್ನೇ ಹಾಕಬೇಕು: ಎಷ್ಟು ಬಿಗಿ, ಎಷ್ಟು ಎಳೆದರೆ ಕೈಬಿಡುತ್ತದೆ, ಯಾವ ವೇಗದಲ್ಲಿ ಕುಣಿಯುತ್ತದೆ, ಕುಣಿತ ನಿಲ್ಲಿಸುವವರು ಯಾರು.

ಮ್ಯಾಗ್ನೆಟ್ ಕೈಬಿಡುವ ಟಾರ್ಕ್, ಅಂದರೆ ತಿರುಗಿಸುವ ಬಲ, ಅಳೆಯುವುದು ಸುಲಭ. ಡಬ್ಬಿಯನ್ನು ಬಿಚ್ಚಿಟ್ಟು, ಬೋಲ್ಟನ್ನು ಅಡ್ಡಲಾಗಿ ಹಿಡಿದು, ಬಿಲ್ಲೆಯ ಅಂಚಿಗೆ ದಾರ ಸುತ್ತಿ ತೂಕ ಕಟ್ಟುತ್ತಾ ಹೋಗಿ. 40 ಮಿ.ಮೀ. ದೂರದಲ್ಲಿ 125 ಗ್ರಾಂ ಅಂದರೆ ಸುಮಾರು 0.05 ನ್ಯೂಟನ್-ಮೀಟರ್. ಆರು ಮ್ಯಾಗ್ನೆಟ್ಟಿನ ರಿಂಗಿನಲ್ಲಿ 30 ಡಿಗ್ರಿ ಸರಿಯುವವರೆಗೂ ತಡೆದುಕೊಳ್ಳುತ್ತದೆ, ಅದಾದ ಮೇಲೆ ಟಕ್ ಅಂತ ಜಾರಿ ಮುಂದಿನ ಜೋಡಿಗೆ ಹೋಗಿ ಕೂರುತ್ತದೆ.

ನಿಜವಾದ ಟ್ಯೂಬಿನ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳು ನಾನೇ ಆರಿಸಿಕೊಂಡದ್ದು, ಯಾವ ಕಂಪನಿಯದೂ ಅಲ್ಲ. ಕ್ಯಾಥೋಡನ್ನು ಹೊತ್ತ ತೋಳು ಟ್ಯೂಬಿನೊಳಗೆ ತನ್ನದೇ ಬೇರಿಂಗಿನ ಮೇಲೆ ಕೂತಿದೆ, ನಮ್ಮ ಬಿಲ್ಲೆಯ ಹಾಗೆ. ಅದರ ತೂಕ 200 ಗ್ರಾಂ, ಅಕ್ಷದಿಂದ ಸರಾಸರಿ 40 ಮಿ.ಮೀ. ಆಚೆ. ಹೊರಗಿನ ರಿಂಗಿನಲ್ಲಿ 24 ಮ್ಯಾಗ್ನೆಟ್, ಅಂದರೆ 12 ಜೋಡಿ. ಕೈಬಿಡುವ ಟಾರ್ಕ್ 1 ನ್ಯೂಟನ್-ಮೀಟರ್. ಸ್ಪ್ರಿಂಗಿನ ಬಿಗಿ ಅಂದರೆ ಜೋಡಿಗಳ ಸಂಖ್ಯೆ ಗುಣಿಸು ಕೈಬಿಡುವ ಟಾರ್ಕ್: ಒಂದು ರೇಡಿಯನ್ನಿಗೆ (ಸುಮಾರು 57 ಡಿಗ್ರಿ) 12 ನ್ಯೂಟನ್-ಮೀಟರ್. ಬೇರಿಂಗ್ ಎಳೆತ 0.1 ಇದ್ದರೆ ತೋಳು ಅರ್ಧ ಡಿಗ್ರಿ ಸರಿಯುತ್ತದೆ, 50 ಮಿ.ಮೀ. ದೂರದ ಚುಕ್ಕೆ 0.4 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಇದು ಯಾವಾಗಲೂ ಅಷ್ಟೇ ಇದ್ದರೆ ತೊಂದರೆ ಇಲ್ಲ, ಜೋಡಿಸುವಾಗಲೇ ಅಷ್ಟು ತಿರುಗಿಸಿ ಇಟ್ಟರಾಯಿತು. ಚಿತ್ರ ಮಸುಕಾಗುವುದು ಚುಕ್ಕೆ ಅಲ್ಲಾಡಿದಾಗ.

ಅಲ್ಲಾಟದ ಲೆಕ್ಕ: ತೋಳಿನ ಜಡತ್ವ 0.2 ಗುಣಿಸು 0.04ರ ವರ್ಗ, ಅಂದರೆ 0.00032. 12ನ್ನು ಇದರಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿ. 31 ಹರ್ಟ್ಸ್, ಅಂದರೆ ಸೆಕೆಂಡಿಗೆ 31 ಕುಣಿತ ಬರುತ್ತದೆ. ಟ್ಯೂಬ್ ಸೆಕೆಂಡಿಗೆ 100 ಸುತ್ತು ತಿರುಗಬೇಕು ಅಂದರೆ ಸೊನ್ನೆಯಿಂದ ನೂರಕ್ಕೆ ಹೋಗುವ ದಾರಿಯಲ್ಲಿ 31 ಸಿಕ್ಕೇ ಸಿಗುತ್ತದೆ. ವಾಷಿಂಗ್ ಮಷಿನ್ ಬಟ್ಟೆ ಹಿಂಡಲು ವೇಗ ಹಿಡಿಯುವಾಗ ನಡುವೆ ಒಂದು ಸಲ ದಡಬಡ ಅಂತ ಕುಣಿದು ಆಮೇಲೆ ತಣ್ಣಗಾಗುತ್ತದೆ ನೋಡಿ, ಅದೇ ಇದು. ನನ್ನ ಡಬ್ಬಿಯಲ್ಲಿ ನಿಮಿಷಕ್ಕೆ 500 ಸುತ್ತಿನ ಆಸುಪಾಸಿನಲ್ಲಿ ಬಿಳಿ ಗೆರೆ ಬೀಸಣಿಗೆ ಥರ ಅಗಲವಾಗಿ ಕಾಣುತ್ತದೆ, ಇನ್ನೂ ವೇಗ ಕೊಟ್ಟರೆ ಮತ್ತೆ ಗೆರೆಯೇ ಆಗುತ್ತದೆ. ಆ ಜಾಗದಲ್ಲಿ ನಿಲ್ಲದೆ ಬೇಗ ದಾಟಬೇಕು. ಕಿರಣವನ್ನಂತೂ ದಾಟಿದ ಮೇಲೆಯೇ ಹೊರಡಿಸಬೇಕು.

ಹಾಗಾದರೆ 31 ಸರಿಯೇ? ಸರಿ. ಸಿಟಿ ಯಂತ್ರದ ಗ್ಯಾಂಟ್ರಿ, ಅಂದರೆ ರೋಗಿಯ ಸುತ್ತ ತಿರುಗುವ ದೊಡ್ಡ ಚೌಕಟ್ಟು, ಟ್ಯೂಬನ್ನು ಹೊತ್ತು ಸೆಕೆಂಡಿಗೆ ಎರಡು ಮೂರು ಸುತ್ತು ಹಾಕುತ್ತದೆ. ತೋಳಿನ ಸ್ವಂತ ಕುಣಿತ ಅದಕ್ಕಿಂತ ತುಂಬಾ ಮೇಲಿರಬೇಕು, ಟ್ಯೂಬಿನ 100ಕ್ಕಿಂತ ತುಂಬಾ ಕೆಳಗಿರಬೇಕು. ನಡುವೆ ಇಪ್ಪತ್ತರಿಂದ ನಲವತ್ತರ ತನಕ ಜಾಗ ಇದೆ, ಅಲ್ಲಿ ಕೂರಿಸಿ.

ಗ್ಯಾಂಟ್ರಿಯ ಮಾತು ಬಂದಿದ್ದರಿಂದ ತೂಕದ ಸಮತೋಲಕ್ಕೆ ಬರೋಣ, ಇದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. ತೋಳು ಒಂದೇ ಪಕ್ಕಕ್ಕೆ ಚಾಚಿದೆ ಅಲ್ವಾ? ಗ್ಯಾಂಟ್ರಿ ಸುತ್ತುವಾಗ ಗುರುತ್ವ ಅದನ್ನು ಒಂದು ಸಲ ಈ ಕಡೆ, ಅರ್ಧ ಸುತ್ತಾದ ಮೇಲೆ ಆ ಕಡೆ ಜಗ್ಗುತ್ತದೆ. 200 ಗ್ರಾಂ, 40 ಮಿ.ಮೀ.: 0.08 ನ್ಯೂಟನ್-ಮೀಟರ್. ಚುಕ್ಕೆ ಆ ಕಡೆ ಈ ಕಡೆ 0.33 ಮಿ.ಮೀ. ತೂಗಾಡುತ್ತದೆ, ಪ್ರತಿ ಸುತ್ತಿಗೂ.

ಇನ್ನೊಂದು ಇದಕ್ಕಿಂತ ಮೋಸದ್ದು. ಗ್ಯಾಂಟ್ರಿಯ ಅಕ್ಷದಿಂದ 60 ಸೆಂ.ಮೀ. ದೂರದಲ್ಲಿರುವ ಟ್ಯೂಬ್ 0.33 ಸೆಕೆಂಡಿಗೆ ಒಂದು ಸುತ್ತು ಹಾಕಿದರೆ ಹೊರಕ್ಕೆ ಎಳೆಯುವ ಬಲ ಗುರುತ್ವದ 22 ಪಟ್ಟು. 200 ಗ್ರಾಮಿನ ತೋಳು 4 ಕಿಲೋಗಿಂತ ಜಾಸ್ತಿ ತೂಗುತ್ತದೆ. ತೋಳು ಮುಖ ಮಾಡಿರುವುದು ಒಳಕ್ಕೆ, ರೋಗಿಯ ಕಡೆಗೆ. ಬಲ ಎಳೆಯುವುದು ಹೊರಕ್ಕೆ. ಅಂಗೈ ಮೇಲೆ ಕೋಲು ನಿಲ್ಲಿಸಿದ ಹಾಗೆ, ಒಂಚೂರು ವಾಲಿದರೆ ಇನ್ನೂ ವಾಲಿಸುತ್ತದೆ. ನಮ್ಮ 12ರಲ್ಲಿ 1.7ರಷ್ಟು ಬಿಗಿಯನ್ನು ಇದೇ ತಿಂದು ಹಾಕುತ್ತದೆ.

ಮದ್ದು ಒಂದೇ. ತೋಳಿನ ಎದುರು ಪಕ್ಕಕ್ಕೆ ಸಮತೂಕ ಹಾಕಿ. ಆಗ ಗುರುತ್ವವೂ ಇಲ್ಲ, ಆ ಎಳೆತವೂ ಇಲ್ಲ, ಬೇರಿಂಗಿನ ಮೇಲೆ ಭಾರ ಮಾತ್ರ ಎರಡು ಪಟ್ಟು. ಜಡತ್ವವೂ ಎರಡು ಪಟ್ಟಾಗಿ 31 ಹರ್ಟ್ಸ್ 22ಕ್ಕೆ ಇಳಿಯುತ್ತದೆ, ಅದು ನಮ್ಮ ಜಾಗದೊಳಗೇ ಇದೆ. ಡಬ್ಬಿಯಲ್ಲಿ ಇದನ್ನು ನೋಡಬೇಕಾದರೆ ಬಿಲ್ಲೆಯ ಒಂದು ಪಕ್ಕಕ್ಕೆ ದೊಡ್ಡ ನಟ್ ಅಂಟಿಸಿ, ಡ್ರಿಲ್ಲನ್ನು ಅಡ್ಡ ಹಿಡಿದು ಸ್ಟ್ಯಾಂಡ್ ಸಮೇತ ಉರುಳಿಸಿ ನೋಡಿ.

ಗೋಡೆ ಶತ್ರು, ಅದೇ ತಾಮ್ರ ಗೆಳೆಯ

ಪ್ಲಾಸ್ಟಿಕ್ ಡಬ್ಬಿಯ ಬದಲು ಅದೇ ಅಳತೆಯ ಅಲ್ಯೂಮಿನಿಯಂ ಡಬ್ಬಿ ಹಾಕಿ. ಪೈಪ್ ರಿಂಗನ್ನು ಸ್ಟ್ಯಾಂಡಿನಿಂದ ಬಿಚ್ಚಿ ಕೈಯಲ್ಲಿ ಹಿಡಿಯಿರಿ. ಎಲ್ಲೂ ತಾಗುತ್ತಿಲ್ಲ, ಆದರೂ ರಿಂಗ್ ಡಬ್ಬಿಯ ಜೊತೆ ಹೊರಡಲು ಜಗ್ಗುತ್ತದೆ, ಜೇನುತುಪ್ಪದಲ್ಲಿ ಸೌಟು ಹಿಡಿದ ಹಾಗೆ. ಒಳಗಿನ ಗೆರೆಯೂ ಮೊದಲಿಗಿಂತ ಜಾಸ್ತಿ ವಾಲಿರುತ್ತದೆ. ಮ್ಯಾಗ್ನೆಟ್ಟಿನ ಎದುರು ಲೋಹ ಓಡಿದರೆ ಅದರಲ್ಲಿ ಸುಳಿ ಸುಳಿಯಾಗಿ ಕರೆಂಟ್ ಹುಟ್ಟುತ್ತದೆ, ಅದೇ ಎಳೆತ, ಅದೇ ಬಿಸಿ. ನಿಜವಾದ ಟ್ಯೂಬಿನಲ್ಲಿ 12 ಜೋಡಿ, 100 ಸುತ್ತು ಅಂದರೆ ಗೋಡೆಯ ಪ್ರತಿ ಚೂರಿಗೂ ಸೆಕೆಂಡಿಗೆ 1,200 ಸಲ ಉತ್ತರ ದಕ್ಷಿಣ ಬದಲಾಗುತ್ತದೆ. ಬಿಸಿ ಕಳೆಯಲು ಹೊರಟವರು ಹೊಸ ಬಿಸಿ ಹುಟ್ಟಿಸಿದ ಹಾಗಾಯಿತು. ಹಾಗಾಗಿ ಮ್ಯಾಗ್ನೆಟ್ ಎದುರಿನ ಗೋಡೆ ಸಿರಾಮಿಕ್ ಅಥವಾ ಗಾಜು ಇರಲಿ. ಲೋಹವೇ ಬೇಕಾದರೆ ಮ್ಯಾಗ್ನೆಟ್ ಹಿಡಿಯದ ಜಾತಿಯ ತೆಳು ಸ್ಟೇನ್‌ಲೆಸ್ ಸ್ಟೀಲ್. 304 ಸ್ಟೀಲಿಗಿಂತ ತಾಮ್ರದಲ್ಲಿ ಕರೆಂಟ್ ಸುಮಾರು 40 ಪಟ್ಟು ಸುಲಭವಾಗಿ ಹರಿಯುತ್ತದೆ, ಗೋಡೆಗೆ ತಾಮ್ರ ಖಂಡಿತ ಬೇಡ.

ಈಗ ನನಗೆ ಇಡೀ ವಿನ್ಯಾಸದಲ್ಲೇ ತುಂಬಾ ಇಷ್ಟವಾದ ಭಾಗ. ನಿರ್ವಾತದಲ್ಲಿ ಗಾಳಿಯೂ ಎಣ್ಣೆಯೂ ಇಲ್ಲ ಅಂದೆವಲ್ಲ, ಹಾಗಾಗಿ ತೋಳು ಒಮ್ಮೆ ಕುಣಿಯಲು ಶುರು ಮಾಡಿದರೆ ನಿಲ್ಲಿಸುವವರಿಲ್ಲ, ತೊಟ್ಟಿಲು ತೂಗಿ ಬಿಟ್ಟ ಹಾಗೆ ತೂಗುತ್ತಲೇ ಇರುತ್ತದೆ. ತಾಮ್ರದ ಒಂದು ಪಟ್ಟಿಯನ್ನು ಗೋಡೆಗೆ ಹಾಕದೆ ತೋಳಿಗೇ ಹಾಕಿ, ಹೊರಗಿನ ಮ್ಯಾಗ್ನೆಟ್‌ಗಳಿಗೆ ಎದುರಾಗಿ. ತೋಳು ನಿಂತಿರುವಾಗ ತಾಮ್ರವೂ ನಿಂತಿದೆ, ಮ್ಯಾಗ್ನೆಟ್ಟೂ ನಿಂತಿದೆ, ಕರೆಂಟ್ ಹುಟ್ಟುವುದಿಲ್ಲ, ಒಂದು ಚೂರೂ ಬಿಸಿ ಇಲ್ಲ. ತೋಳು ಕುಣಿದ ಕ್ಷಣ ಕರೆಂಟ್ ಹುಟ್ಟಿ ಕುಣಿತವನ್ನು ತಡೆಯುತ್ತದೆ. ಬಿಲ್ಲೆಯ ಅಂಚಿನ ಸುತ್ತ ಒಂದೂವರೆ ಮಿ.ಮೀ. ತಾಮ್ರದ ಪಟ್ಟಿ ಸುತ್ತಿ, ಪ್ಲಾಸ್ಟಿಕ್ ಡಬ್ಬಿಯಲ್ಲೇ ಮತ್ತೆ ಓಡಿಸಿ. 500ರ ಹತ್ತಿರದ ಬೀಸಣಿಗೆ ಕಿರಿದಾಗಿದ್ದು ಕಣ್ಣಿಗೇ ಕಾಣುತ್ತದೆ.

ಯಾವ ಮ್ಯಾಗ್ನೆಟ್, ಎಲ್ಲಿ

ಡಬ್ಬಿಯಲ್ಲಿ ಒಳಗೂ ಮ್ಯಾಗ್ನೆಟ್ ಇಟ್ಟೆವು. ನಿಜವಾದ ಟ್ಯೂಬಿನಲ್ಲಿ ಇಡಬಾರದು. ಗಾಳಿ ತೆಗೆಯುವಾಗ ಟ್ಯೂಬನ್ನು ನೂರಾರು ಡಿಗ್ರಿಗೆ ಕಾಯಿಸಿ ಲೋಹದಲ್ಲಿ ಸೇರಿಕೊಂಡ ಅನಿಲವನ್ನೆಲ್ಲ ಹೊರಗೆ ಎಳೆಯುತ್ತಾರೆ. ನಿಯೋಡಿಮಿಯಂ ಮ್ಯಾಗ್ನೆಟ್ 310 ಡಿಗ್ರಿಯ ಆಸುಪಾಸಿನಲ್ಲಿ ಮ್ಯಾಗ್ನೆಟ್ ಆಗಿಯೇ ಉಳಿಯುವುದಿಲ್ಲ, ಅದಕ್ಕಿಂತ ತುಂಬಾ ಮೊದಲೇ ಸೊರಗುತ್ತದೆ. ಒಳಗೆ ಬರೀ ಹಲ್ಲು ಹಲ್ಲಿನ ಮೆದು ಕಬ್ಬಿಣ ಇರಲಿ, 770 ಡಿಗ್ರಿಯ ತನಕ ಅದಕ್ಕೆ ಚಿಂತೆ ಇಲ್ಲ. ಮ್ಯಾಗ್ನೆಟ್ ಹೊರಗೆ, ಎಲ್ಲ ಕಾಯಿಸಿ ಮುಗಿದ ಮೇಲೆ ಜೋಡಿಸಿ. ಹೊರಗೂ ಬಿಸಿ ಎಣ್ಣೆ ಇರುವುದರಿಂದ ನಾನಾದರೆ ಸಮೇರಿಯಂ-ಕೋಬಾಲ್ಟ್ ತೆಗೆದುಕೊಳ್ಳುತ್ತೇನೆ. ದುಡ್ಡು ಜಾಸ್ತಿ, ತಲೆನೋವು ಕಡಿಮೆ.

ಜೋಡಿಗಳ ಸಂಖ್ಯೆ ಜಾಸ್ತಿ ಮಾಡಿದಷ್ಟೂ ಬಿಗಿ ಜಾಸ್ತಿ ಅಂತ 40 ಜೋಡಿ ಹಾಕಲು ಹೋಗಬೇಡಿ. ಮ್ಯಾಗ್ನೆಟ್ ಚಿಕ್ಕದಾದಷ್ಟೂ ಅದರ ಕೈ ಗಿಡ್ಡ. ಅಕ್ಕಪಕ್ಕದ ಮ್ಯಾಗ್ನೆಟ್‌ಗಳ ನಡುವಿನ ಅಂತರದಷ್ಟೇ ದೂರ ಹೋದರೆ ಬಲ ನೂರಕ್ಕೆ ನಾಲ್ಕರಷ್ಟು ಉಳಿಯುತ್ತದೆ, ಅದರ ಮೂರನೇ ಒಂದು ಭಾಗದಷ್ಟು ದೂರದಲ್ಲಾದರೆ ನೂರಕ್ಕೆ 35. ನಮ್ಮ ಉದಾಹರಣೆಯಲ್ಲಿ ಅಂತರ 13 ಮಿ.ಮೀ., ಹಾಗಾಗಿ ಗೋಡೆ ಸೇರಿ ಸಂದು 4 ಮಿ.ಮೀ. ದಾಟಬಾರದು.

ಇಲ್ಲಿ ಕರೆಂಟಿನವರು ಜಗಳಕ್ಕೆ ಬರುತ್ತಾರೆ. ಕ್ಯಾಥೋಡ್ 100 ಕಿಲೋವೋಲ್ಟಿನಲ್ಲಿದ್ದರೆ 4 ಮಿ.ಮೀ. ಸಂದಿನಲ್ಲಿ ಕಿಡಿ ಹಾರಿ ಬಿಡುತ್ತದೆ. ಹಾಗಾಗಿ ಹಿಡಿಯುವ ಕಬ್ಬಿಣ ಮತ್ತು ಫಿಲಮೆಂಟ್ ಕೂರುವ ಬಟ್ಟಲು ಒಂದೇ ತುಂಡಾಗಬಾರದು, ನಡುವೆ ಉದ್ದನೆಯ ಸಿರಾಮಿಕ್ ಇರಲಿ. ಕಬ್ಬಿಣ ಗೋಡೆಯ ವೋಲ್ಟೇಜಿನಲ್ಲಿ, ಬಟ್ಟಲು ತನ್ನದರಲ್ಲಿ. ಫಿಲಮೆಂಟಿಗೆ ಬೇಕಾದ ಕೆಲವು ಆಂಪಿಯರ್ ಕರೆಂಟನ್ನು ಗೋಡೆಯಾಚೆಯಿಂದ ಟ್ರಾನ್ಸ್‌ಫಾರ್ಮರ್ ಥರ ಎರಡು ಸುರುಳಿ ಇಟ್ಟು ದಾಟಿಸಬಹುದು.

ಸಿರಾಮಿಕ್ ಉದ್ದವಾದರೆ ಇನ್ನೊಂದು ಲಾಭವೂ ಇದೆ. ಎಲೆಕ್ಟ್ರಾನ್‌ಗಳಿಗೂ ಮ್ಯಾಗ್ನೆಟ್ ತಗಲುತ್ತದೆ ಅಲ್ವಾ? 100 ಕಿಲೋವೋಲ್ಟ್, 15 ಮಿ.ಮೀ. ದಾರಿ, ಅಡ್ಡಲಾಗಿ 1 ಮಿಲಿಟೆಸ್ಲಾ (ಮ್ಯಾಗ್ನೆಟ್ ಕ್ಷೇತ್ರದ ಅಳತೆ) ಸೋರಿಕೆ ಇದ್ದರೆ ಚುಕ್ಕೆ 0.13 ಮಿ.ಮೀ. ಸರಿಯುತ್ತದೆ. 20 ಮಿಲಿಟೆಸ್ಲಾ ಸೋರಿದರೆ ಎರಡೂವರೆ ಮಿ.ಮೀ., ಚುಕ್ಕೆಯ ಅಗಲಕ್ಕಿಂತ ಜಾಸ್ತಿ. ರಿಂಗನ್ನು ಆನೋಡಿನಿಂದ ದೂರ, ಕ್ಯಾಥೋಡಿನ ಬೆನ್ನ ಹಿಂದೆ ಇಡಿ.

ಈ ಬಾಗುವಿಕೆಯನ್ನೇ ಕೆಲಸಕ್ಕೆ ಹಚ್ಚಿದವರೂ ಇದ್ದಾರೆ. ಸೀಮೆನ್ಸ್ 2003ರಲ್ಲಿ ತಂದ ಸ್ಟ್ರಾಟಾನ್ ಟ್ಯೂಬಿನಲ್ಲಿ ಎಲ್ಲವೂ ತಿರುಗುತ್ತದೆ, ಕ್ಯಾಥೋಡ್ ಕೂಡ. ಅದು ನಟ್ಟನಡುವೆ ಅಕ್ಷದ ಮೇಲೆಯೇ ಇರುವುದರಿಂದ ತಿರುಗಿದರೂ ಒಂದೇ. ಹೊರಗೆ ಕದಲದೆ ನಿಂತ ಸುರುಳಿಗಳು ಎಲೆಕ್ಟ್ರಾನ್ ಕಿರಣವನ್ನು ಬಾಗಿಸಿ ಆನೋಡಿನ ಅಂಚಿಗೆ, ಯಾವಾಗಲೂ ಒಂದೇ ದಿಕ್ಕಿಗೆ ಬೀಳಿಸುತ್ತವೆ. ತೋಳಿಲ್ಲ, ಒಳಗೆ ಬೇರಿಂಗ್ ಇಲ್ಲ. ಬರೀ 120 ಮಿ.ಮೀ. ಅಗಲದ ಆನೋಡ್ ಸಾಕಾಯಿತು. ನಿಜ ಹೇಳಬೇಕೆಂದರೆ ಇದು ತೋಳು ಹಿಡಿಯುವುದಕ್ಕಿಂತ ಜಾಣ ದಾರಿ. ಆದರೆ ಕಿರಣ ನಿಂತಿರುವುದು ಸುರುಳಿಯ ಕರೆಂಟನ್ನು ನಂಬಿ, ಅದು ಒಂಚೂರು ಏರುಪೇರಾದರೂ ಚುಕ್ಕೆ ಅಲೆಯುತ್ತದೆ.

ತೋಳಿನ ದಾರಿಯಲ್ಲೇ ಹೋಗುವವರು ಕೊನೆಗೆ ಒಂದು ಕಾವಲು ಇಡಲೇಬೇಕು. ಬೇರಿಂಗ್ ಹಿಡಿದುಕೊಂಡು ತೋಳು ಜಾರಿತು ಅಂದುಕೊಳ್ಳಿ, ಆಗ ಚುಕ್ಕೆ ಕಿಟಕಿ ಬಿಟ್ಟು ಎಲ್ಲೆಲ್ಲೋ ಸುತ್ತುತ್ತದೆ. ಜಾರಿದ ಕೂಡಲೇ ಹೈ ವೋಲ್ಟೇಜ್ ಕಡಿಯಬೇಕು. ಡಬ್ಬಿಗೆ ಇದನ್ನು ಹೀಗೆ ಮಾಡಿ: ಬಿಲ್ಲೆಯಿಂದ ಡಬ್ಬಿಯ ತಳದ ಕಡೆಗೆ ಒಂದು ಪ್ಲಾಸ್ಟಿಕ್ ಕಡ್ಡಿ ಚಾಚಿ, ತುದಿಗೆ ಪುಟ್ಟ ಮ್ಯಾಗ್ನೆಟ್ ಅಂಟಿಸಿ. ಹೊರಗೆ ಅದರ ಎದುರು, ದೊಡ್ಡ ರಿಂಗಿನಿಂದ ಆದಷ್ಟು ದೂರದಲ್ಲಿ ಒಂದು ಹಾಲ್ ಸೆನ್ಸರ್ (ಎದುರಿಗೆ ಮ್ಯಾಗ್ನೆಟ್ ಇದೆಯೇ ಅಂತ ಹೇಳುವ ಪುಟ್ಟ ಚಿಪ್), ಅದಕ್ಕೆ ಎಲ್‌ಇಡಿ. ಓಡಿಸುತ್ತಾ ಪೈಪ್ ರಿಂಗನ್ನು ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಗೆರೆ ವಾಲುತ್ತದೆ, ಇನ್ನೂ ವಾಲುತ್ತದೆ, ಲೈಟ್ ಆರುತ್ತದೆ, ಆಮೇಲೆ ಟಕಟಕಟಕ ಅಂತ ಜಾರುವ ಸದ್ದು. ಲೈಟ್ ಆರುವುದು ಸದ್ದಿಗಿಂತ ಮೊದಲೇ ಆಗುವ ತನಕ ಸೆನ್ಸರನ್ನು ಹಿಂದೆ ಮುಂದೆ ಸರಿಸುತ್ತಿರಿ.